ತೂಕ ಇಳಿಯಿತು, ಚರ್ಮ ಉಳಿಯಿತು: ಇದರ ಖರ್ಚು ಯಾರ ಲೆಕ್ಕಕ್ಕೆ?

ಪುತ್ತೂರು, ಸುಳ್ಯ, ಕಡಬದ ಕಡೆ ಯಾರಾದರೂ ಮೂವತ್ತು-ನಲವತ್ತು ಕಿಲೋ ತೂಕ ಇಳಿಸಿದರೆ ಆ ಸುದ್ದಿ ಅವರಿಗಿಂತ ಮೊದಲು ಪೇಟೆಗೆ ತಲುಪುತ್ತದೆ. ಮದುವೆ ಹಾಲ್‌ನಲ್ಲಿ ಸಿಕ್ಕಿದವರೆಲ್ಲ "ಏನು ಮಾರ್ರೆ, ಗುರುತೇ ಸಿಗ್ಲಿಲ್ಲ" ಎನ್ನುತ್ತಾರೆ. ಅನ್ನ ಬಿಟ್ಟದ್ದಾ, ನಡೆದದ್ದಾ, ಮಂಗಳೂರಿಗೆ ಹೋಗಿ ಹೊಟ್ಟೆಯ ಆಪರೇಷನ್ ಮಾಡಿಸಿದ್ದಾ ಎಂದು ವಿಚಾರಿಸುತ್ತಾರೆ. ಮೆಚ್ಚುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ.

ಮುಗಿಯುವುದಿಲ್ಲ. ಕೊಬ್ಬು ಕರಗುತ್ತದೆ, ಆದರೆ ಹತ್ತಿಪ್ಪತ್ತು ವರ್ಷ ಅದನ್ನು ಹೊತ್ತು ಹಿಗ್ಗಿದ ಚರ್ಮ ಹಿಂದೆ ಹೋಗುವುದಿಲ್ಲ. ಹೊಟ್ಟೆಯ ಕೆಳಗೆ ಮಡಿಕೆಯಾಗಿ ಜೋತು ಬೀಳುತ್ತದೆ. ತೋಳಿನಲ್ಲಿ, ತೊಡೆಯಲ್ಲಿ, ಎದೆಯಲ್ಲಿ ಸಡಿಲವಾಗಿ ನೇತಾಡುತ್ತದೆ. ಇದನ್ನು ತೆಗೆಸಲು ಪ್ಲಾಸ್ಟಿಕ್ ಸರ್ಜರಿ ಬೇಕು. ಅದರ ಬಗ್ಗೆ ಮಾತು ಎತ್ತಿದ ಕೂಡಲೇ ಮೆಚ್ಚಿದ ಅದೇ ಬಾಯಿಗಳು "ಇನ್ನು ಚಂದ ಕಾಣುವ ಆಸೆಯಾ" ಎನ್ನುತ್ತವೆ. ವಿಮಾ ಕಂಪೆನಿಯೂ ಹೆಚ್ಚು ಕಡಿಮೆ ಅದನ್ನೇ ಹೇಳುತ್ತದೆ, ಸ್ವಲ್ಪ ಗೌರವದ ಭಾಷೆಯಲ್ಲಿ.

ಈ ಮಾತನ್ನು ನಾವು ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ, ಇಂಥ ಆಪರೇಷನ್ ಬೇಕಾದವರು ಹೇಗೆ ತಯಾರಾಗಬೇಕು, ಹಣ ಹೇಗೆ ಹೊಂದಿಸಬೇಕು, ಯಾವುದಕ್ಕೆ ಹಣ ಹಾಕಬಾರದು ಎಂದು ಹೇಳುವುದಕ್ಕೆ ಈ ಲೇಖನ.

ಇದು ನಗರದವರ ವಿಷಯ ಅಲ್ಲ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಹತ್ತರಲ್ಲಿ ಮೂರು ಮಂದಿ ವಯಸ್ಕರಿಗೆ ಅಧಿಕ ತೂಕ ಅಥವಾ ಬೊಜ್ಜು ಇದೆ. ಗಂಡಸರು, ಹೆಂಗಸರು ಇಬ್ಬರಲ್ಲೂ ಲೆಕ್ಕ ಹೆಚ್ಚು ಕಡಿಮೆ ಒಂದೇ. ಅಡಿಕೆ ಸುಲಿಯಲು ಮೆಷಿನ್ ಬಂದಿದೆ, ಮದ್ದು ಬಿಡಲು ದೋಟಿ ಬಂದಿದೆ, ಅಂಗಡಿಗೆ ಹೋಗಲು ಸ್ಕೂಟರ್ ಇದೆ. ಬೀಡಿ ಕಟ್ಟುವವರು ದಿನವಿಡೀ ಕುಳಿತೇ ಇರುತ್ತಾರೆ. ಸಕ್ಕರೆ ಕಾಯಿಲೆ ಇಲ್ಲದ ಮನೆ ಹುಡುಕುವುದು ಕಷ್ಟ ಎಂಬ ಸ್ಥಿತಿ ಹಳ್ಳಿಯಲ್ಲೂ ಇದೆ.

ತೂಕ ಇಳಿಸುವ ದಾರಿಗಳೂ ಹೆಚ್ಚಾಗಿವೆ. ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಹೊಟ್ಟೆಯ ಗಾತ್ರ ಕಡಿಮೆ ಮಾಡುವ ಆಪರೇಷನ್ ಆಗುತ್ತದೆ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಎಂಬ ವಾರಕ್ಕೊಮ್ಮೆ ಚುಚ್ಚುವ ಇಂಜೆಕ್ಷನ್‌ಗಳು ನಮ್ಮ ದೇಶದ ಮಾರುಕಟ್ಟೆಗೆ ಬಂದವು. ಮುಂದಿನ ವರ್ಷಗಳಲ್ಲಿ ಬೇಗ ಬೇಗ ತೂಕ ಇಳಿಸಿದವರು ನಮ್ಮ ಮೂರು ತಾಲೂಕಿನಲ್ಲೂ ಹೆಚ್ಚಾಗುತ್ತಾರೆ. ಸಡಿಲ ಚರ್ಮದ ತೊಂದರೆಯೂ ಅವರ ಹಿಂದೆಯೇ ಬರುತ್ತದೆ. ಈಗಲೇ ಮಾತಾಡದಿದ್ದರೆ ಆಮೇಲೆ ಸಾಲದ ಬಾಗಿಲಲ್ಲಿ ನಿಂತು ಮಾತಾಡಬೇಕಾಗುತ್ತದೆ.

ನಮ್ಮ ಮಳೆ, ನಮ್ಮ ಬೆವರು

ಹೊಟ್ಟೆಯ ಮಡಿಕೆಯ ಒಳಗೆ ಗಾಳಿ ಆಡುವುದಿಲ್ಲ. ಚರ್ಮಕ್ಕೆ ಚರ್ಮ ಉಜ್ಜುತ್ತದೆ, ಬೆವರು ನಿಲ್ಲುತ್ತದೆ, ಕೆಂಪಾಗುತ್ತದೆ, ತುರಿಸುತ್ತದೆ, ಒಡೆಯುತ್ತದೆ. ಅದರ ಮೇಲೆ ಫಂಗಸ್ ಕೂರುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಅದು ಬೇಗ ವಾಸಿಯಾಗುವುದಿಲ್ಲ. ಎಸಿ ಕೋಣೆಯಲ್ಲಿ ಕೂತು ಕೆಲಸ ಮಾಡುವವರಿಗೆ ಇದು ಕಿರಿಕಿರಿ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆಯಲ್ಲಿ, ಒದ್ದೆ ಬಟ್ಟೆಯಲ್ಲೇ ತೋಟದಲ್ಲಿ ನಿಲ್ಲುವವರಿಗೆ, ರಬ್ಬರ್ ಟ್ಯಾಪಿಂಗ್ ಮಾಡುವವರಿಗೆ, ಹಟ್ಟಿ ಕೆಲಸ ಮಾಡುವ ಹೆಂಗಸರಿಗೆ ಇದು ಕಾಯಿಲೆ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಒಗೆದ ಬೈರಾಸು ಕೂಡ ಸರಿಯಾಗಿ ಒಣಗದ ಊರು ನಮ್ಮದು.

ಬಗ್ಗಿ ಹುಲ್ಲು ಕೊಯ್ಯಲು ಆಗುವುದಿಲ್ಲ. ಹೆಚ್ಚು ನಡೆದರೆ ತೊಡೆ ಉರಿಯುತ್ತದೆ. ತೂಕ ಇಳಿದ ಮೇಲೆ ಹೆಚ್ಚು ನಡೆಯಬೇಕು ಎಂದು ಡಾಕ್ಟರು ಹೇಳುತ್ತಾರೆ, ಇದೇ ಚರ್ಮ ನಡೆಯಲು ಬಿಡುವುದಿಲ್ಲ. ನಡೆಯದಿದ್ದರೆ ತೂಕ ಮತ್ತೆ ಬರುತ್ತದೆ. ಅಷ್ಟು ಕಷ್ಟಪಟ್ಟು ಇಳಿಸಿದ್ದು ವ್ಯರ್ಥ.

ಇದರ ಜೊತೆಗೆ ಇನ್ನೊಂದು ಅಪಾಯ ನಾವೇ ತಂದುಕೊಳ್ಳುತ್ತೇವೆ. ನಾಚಿಕೆಯಿಂದ ಡಾಕ್ಟರಿಗೆ ತೋರಿಸದೆ ಮೆಡಿಕಲ್ ಅಂಗಡಿಯಲ್ಲಿ "ತುರಿಕೆಗೆ ಒಂದು ಟ್ಯೂಬ್ ಕೊಡಿ" ಎಂದು ಕೇಳುತ್ತೇವೆ. ಸ್ಟಿರಾಯ್ಡ್ ಬೆರೆತ ಕ್ರೀಮ್ ಆಗಿದ್ದರೆ ಎರಡು ದಿನದಲ್ಲಿ ತುರಿಕೆ ನಿಲ್ಲುತ್ತದೆ, ಒಳಗೊಳಗೆ ಫಂಗಸ್ ಹರಡುತ್ತದೆ, ಚರ್ಮ ತೆಳುವಾಗುತ್ತದೆ. ಮುಂದೆ ಆಪರೇಷನ್ ಮಾಡಬೇಕಾದ ಜಾಗವೇ ಹಾಳಾಗುತ್ತದೆ. ದಯವಿಟ್ಟು ಆ ಟ್ಯೂಬ್ ಬಿಡಿ.

ಎರಡು ಪ್ರಶ್ನೆ, ಎರಡು ಲೆಕ್ಕ

ನಮ್ಮ ಅಭಿಪ್ರಾಯ ಸರಳ. ಇಲ್ಲಿ ಎರಡು ವಿಷಯ ಇವೆ, ಎರಡನ್ನೂ ಬೇರೆ ಬೇರೆ ಇಡಬೇಕು.

ಒಂದು, ಮತ್ತೆ ಮತ್ತೆ ಹುಣ್ಣಾಗುವ, ಕೆಲಸಕ್ಕೆ ಅಡ್ಡ ಬರುವ ಹೊಟ್ಟೆಯ ಜೋತು ಚರ್ಮವನ್ನು ಕತ್ತರಿಸಿ ತೆಗೆಯುವುದು. ಇದು ಚಿಕಿತ್ಸೆ.

ಇನ್ನೊಂದು, ಸ್ನಾಯು ಬಿಗಿ ಮಾಡಿ, ಹೊಕ್ಕುಳನ್ನು ಹೊಸ ಜಾಗದಲ್ಲಿ ಕೂರಿಸಿ, ಸೊಂಟದ ಆಕಾರ ಸರಿಮಾಡುವುದು, ತೋಳು-ತೊಡೆ-ಎದೆಯನ್ನು ನೆಟ್ಟಗೆ ಮಾಡುವುದು. ಇದು ಹೆಚ್ಚಾಗಿ ನೋಟದ ವಿಷಯ. ಇದನ್ನು ಬಯಸುವುದು ತಪ್ಪಲ್ಲ. ತನ್ನ ಮೈ ತನಗೆ ಒಪ್ಪುವ ಹಾಗೆ ಇರಬೇಕೆಂದು ಬಯಸುವುದಕ್ಕೆ ಯಾರ ಒಪ್ಪಿಗೆಯೂ ಬೇಡ. ಆದರೆ ಇದನ್ನು ಸ್ವಂತ ಉಳಿತಾಯದಿಂದ ಮಾಡಿಸಬೇಕು, ಸಾಲದಿಂದ ಅಲ್ಲ.

ಮೊದಲನೆಯದಕ್ಕೆ ವಿಮೆಯೂ ಸರಕಾರವೂ ಹೆಗಲು ಕೊಡಬೇಕು. ಎರಡನೆಯದರ ನೆಪ ಹೇಳಿ ಮೊದಲನೆಯದನ್ನು ತಳ್ಳಿಹಾಕುವುದು ಅನ್ಯಾಯ.

ಪ್ಲಾಸ್ಟಿಕ್ ಸರ್ಜರಿ ಎಂದರೆ ಮೈಗೆ ಪ್ಲಾಸ್ಟಿಕ್ ಸೇರಿಸುವುದು ಎಂದು ನಂಬಿದವರು ಈಗಲೂ ಇದ್ದಾರೆ. ಆ ಪದಕ್ಕೆ ಗ್ರೀಕ್ ಮೂಲದಲ್ಲಿ 'ರೂಪ ಕೊಡುವುದು' ಎಂದು ಅರ್ಥ, ಅಷ್ಟೆ. ಇದು ಸಿನೆಮಾದವರ ವಿದ್ಯೆಯಾಗಿ ಹುಟ್ಟಿದ್ದೂ ಅಲ್ಲ. ಟಿಪ್ಪು ಮತ್ತು ಇಂಗ್ಲಿಷರ ಯುದ್ಧದ ಕಾಲದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬವನು ಸೆರೆಸಿಕ್ಕಿ ಮೂಗು ಕಳೆದುಕೊಂಡ. ನಮ್ಮ ದೇಶದ ಒಬ್ಬ ನಾಟಿ ಕೈಗಾರ ಅವನ ಹಣೆಯ ಚರ್ಮದಿಂದಲೇ ಹೊಸ ಮೂಗು ಮಾಡಿಕೊಟ್ಟ. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅದು ಪ್ರಕಟವಾದ ಮೇಲೆ ಯುರೋಪಿನ ಡಾಕ್ಟರುಗಳು ಅದನ್ನು ಕಲಿತರು. ದುಡಿಯುವ ಮನುಷ್ಯನನ್ನು ಮತ್ತೆ ನಾಲ್ಕು ಜನರ ನಡುವೆ ನಿಲ್ಲುವ ಹಾಗೆ ಮಾಡಿದ ವಿದ್ಯೆ ಇದು.

ನಿಯಮ ಏನು ಹೇಳುತ್ತದೆ

ಖಾಸಗಿ ಆರೋಗ್ಯ ವಿಮೆ ಇದ್ದವರು ಪಾಲಿಸಿಯ ಪುಸ್ತಕ ತೆಗೆದು ನೋಡಿ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಎಲ್ಲಾ ಕಂಪೆನಿಗಳಿಗೂ ಒಂದೇ ಮಾದರಿಯ ಹೊರಗಿಡುವ ಷರತ್ತುಗಳನ್ನು ಗೊತ್ತುಮಾಡಿತು. ಅದರಲ್ಲಿ 6ನೆಯದು ಬೊಜ್ಜಿನ ಆಪರೇಷನ್ ಬಗ್ಗೆ. 18 ವರ್ಷ ತುಂಬಿರಬೇಕು, ಡಾಕ್ಟರ ಸಲಹೆ ಇರಬೇಕು, ಬಿಎಂಐ 40 ಅಥವಾ ಹೆಚ್ಚು ಇರಬೇಕು. ಹೃದಯದ ತೊಂದರೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ತೊಂದರೆ, ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇಂಥವು ಇದ್ದು, ಬೇರೆ ಸರಳ ದಾರಿಗಳಿಂದ ತೂಕ ಇಳಿಯದಿದ್ದರೆ 35 ಸಾಕು. ಇಷ್ಟು ಇದ್ದರೆ ತೂಕ ಇಳಿಸುವ ಆಪರೇಷನ್ನನ್ನು ಈ ಷರತ್ತು ತಡೆಯುವುದಿಲ್ಲ.

8ನೆಯದು ಪ್ಲಾಸ್ಟಿಕ್ ಸರ್ಜರಿ ಬಗ್ಗೆ. ಅಪಘಾತ, ಸುಟ್ಟ ಗಾಯ, ಕ್ಯಾನ್ಸರ್ ಆದ ಮೇಲೆ ಮಾಡುವ ಮರುರಚನೆಗೆ ಹಣ ಸಿಗುತ್ತದೆ. ಉಳಿದದ್ದಕ್ಕೆ ಇಲ್ಲ. ಆದರೆ ಅಲ್ಲೇ ಒಂದು ಚಿಕ್ಕ ಬಾಗಿಲು ತೆರೆದಿಟ್ಟಿದ್ದಾರೆ. ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯವನ್ನು ತಪ್ಪಿಸಲು ಈ ಚಿಕಿತ್ಸೆ ಅಗತ್ಯ ಎಂದು ನೋಡುವ ಡಾಕ್ಟರು ಪ್ರಮಾಣಪತ್ರ ಕೊಟ್ಟರೆ ಕಂಪೆನಿ ಪರಿಶೀಲಿಸಬೇಕು.

ಅಂದರೆ ಒಂದೇ ಪಾಲಿಸಿ ತೂಕ ಇಳಿಸಲು ಹಣ ಕೊಡುತ್ತದೆ, ಇಳಿದ ಮೇಲೆ ಉಳಿದ ಚರ್ಮಕ್ಕೆ ಕೈ ಎತ್ತುತ್ತದೆ. ಬಾವಿ ತೋಡಲು ಹಣ ಕೊಟ್ಟು ಕಟ್ಟೆ ಕಟ್ಟಲು ಕೊಡದ ಹಾಗೆ. ಆ ಚಿಕ್ಕ ಬಾಗಿಲಿನಲ್ಲಿ ಹಾದುಹೋಗುವುದಕ್ಕೆ ಕಾಗದ ಬೇಕು. ನಮ್ಮವರು ಸೋಲುವುದು ಅಲ್ಲೇ. ಮೂರು ವರ್ಷ ಹುಣ್ಣು ಅನುಭವಿಸಿದರೂ ಒಂದು ಓಪಿ ಚೀಟಿ ಇರುವುದಿಲ್ಲ.

ಸರಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ನಿಗದಿತ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಸುಟ್ಟ ಗಾಯದಂಥ ಚಿಕಿತ್ಸೆಗಳು ಅದರಲ್ಲಿ ಇವೆ, ನೋಟಕ್ಕಾಗಿ ಮಾಡುವ ಸರ್ಜರಿ ಇಲ್ಲ. ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಸರಕಾರಿ ಆಸ್ಪತ್ರೆಯಿಂದ ರೆಫರಲ್ ಬೇಕು. ಸೊಸೈಟಿ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಶುರುವಾಗಿ, 2018ರಲ್ಲಿ ನಿಂತು, 2022–23ರಲ್ಲಿ ಮತ್ತೆ ಬಂದ ಯೋಜನೆ ಅದು. ಮತ್ತೆ ಬಂದಾಗ ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ವಂತಿಗೆ ಇಟ್ಟಿದ್ದರು, 5 ಲಕ್ಷದ ಮಿತಿ. ಅದರಲ್ಲೂ ಪಟ್ಟಿಯಲ್ಲಿ ಹೆಸರಿರುವ ಚಿಕಿತ್ಸೆಗೆ ಮಾತ್ರ. ನೋಂದಣಿಯ ಅವಧಿ ಮುಗಿದ ಮೇಲೆ ಸೊಸೈಟಿಗೆ ಓಡಿದರೆ ಪ್ರಯೋಜನ ಇಲ್ಲ.

ತೆರಿಗೆಯಲ್ಲೂ ಇದೇ ಗೆರೆ. ಆಸ್ಪತ್ರೆಯ ಚಿಕಿತ್ಸೆಗೆ 2017ರಿಂದ ಜಿಎಸ್‌ಟಿ ವಿನಾಯಿತಿ ಇದೆ. ಪ್ಲಾಸ್ಟಿಕ್ ಸರ್ಜರಿಗೆ ಮಾತ್ರ ಹುಟ್ಟಿನಿಂದ ಬಂದ ದೋಷ, ಬೆಳವಣಿಗೆಯ ನ್ಯೂನತೆ, ಗಾಯ ಇವುಗಳನ್ನು ಸರಿಪಡಿಸುವುದಾದರೆ ವಿನಾಯಿತಿ. ತೂಕ ಇಳಿದು ಉಳಿದ ಚರ್ಮದ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ಆಸ್ಪತ್ರೆ ಹೇಳಿದ ಮೊತ್ತದಲ್ಲಿ ತೆರಿಗೆ ಸೇರಿದೆಯಾ ಎಂದು ಮೊದಲೇ ಕೇಳಿ.

ನಾವು ಕೇಳುವುದು ಇಷ್ಟು

ಒಂದು, ಮತ್ತೆ ಮತ್ತೆ ಸೋಂಕು ಆಗುವ ಹೊಟ್ಟೆ ಚರ್ಮದ ಆಪರೇಷನ್ನನ್ನು ಆರೋಗ್ಯ ಕರ್ನಾಟಕ ಮತ್ತು ಯಶಸ್ವಿನಿಯಲ್ಲಿ ಸ್ಪಷ್ಟ ಷರತ್ತಿನೊಂದಿಗೆ ಸೇರಿಸಿ. ಇಷ್ಟು ತಿಂಗಳು ಔಷಧಿ ಮಾಡಿಯೂ ವಾಸಿಯಾಗದಿದ್ದರೆ, ತೂಕ ಇಷ್ಟು ತಿಂಗಳು ಸ್ಥಿರವಾಗಿದ್ದರೆ ಎಂದು ಬರೆಯಿರಿ. ದುರುಪಯೋಗ ಆಗುವುದಿಲ್ಲ.

ಎರಡು, ತೂಕ ಇಳಿಸುವ ಆಪರೇಷನ್ ಮಾಡುವ, ಇಂಜೆಕ್ಷನ್ ಬರೆಯುವ ಡಾಕ್ಟರು ಮೊದಲ ದಿನವೇ ಚರ್ಮದ ವಿಷಯ ಹೇಳಬೇಕು. ಕೊನೆಗೆ ಬರುವ ಖರ್ಚನ್ನು ಮೊದಲೇ ಹೇಳದಿರುವುದು ಅರ್ಧ ಸತ್ಯ.

ಮೂರು, ಪುತ್ತೂರು ಮತ್ತು ಸುಳ್ಯದ ತಾಲೂಕು ಆಸ್ಪತ್ರೆಯಲ್ಲಿ, ಕಡಬದ ಸಮುದಾಯ ಆರೋಗ್ಯ ಕೇಂದ್ರದಲ್ಲಿ ಇಂಥ ರೋಗಿ ಬಂದರೆ "ತುರಿಕೆ" ಎಂದು ಒಂದು ಪದ ಬರೆದು ಬಿಡಬೇಡಿ. ಎಲ್ಲಿ, ಎಷ್ಟನೇ ಸಲ, ಯಾಕೆ ಎಂದು ಬರೆಯಿರಿ. ಆ ಎರಡು ಸಾಲು ಮುಂದೆ ಲಕ್ಷ ರೂಪಾಯಿಯ ಕಾಗದ.

ಆತುರ ಬೇಡ: ಯಾವಾಗ ಮಾಡಿಸಬೇಕು

ತೂಕ ಇಳಿಯುತ್ತಿರುವಾಗ ಚರ್ಮ ತೆಗೆಸಿದರೆ ಮತ್ತೆ ಸಡಿಲವಾಗುತ್ತದೆ. ತೂಕ ಕನಿಷ್ಠ ಆರು ತಿಂಗಳು ಒಂದೇ ಮಟ್ಟದಲ್ಲಿ ನಿಲ್ಲಬೇಕು. ಹೊಟ್ಟೆಯ ಆಪರೇಷನ್ ಮಾಡಿಸಿ ತೂಕ ಇಳಿಸಿದವರು ಸಾಮಾನ್ಯವಾಗಿ ಒಂದರಿಂದ ಒಂದೂವರೆ ವರ್ಷ ಕಾಯಬೇಕಾಗುತ್ತದೆ. ತಿಂಗಳಿಗೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿ ಪುಸ್ತಕದಲ್ಲಿ ಬರೆಯಿರಿ.

ಇನ್ನೂ ಮಕ್ಕಳಾಗಬೇಕು ಎಂದಿರುವ ಹೆಂಗಸರು ಹೊಟ್ಟೆಯ ಸರ್ಜರಿಯನ್ನು ಮುಂದಕ್ಕೆ ಹಾಕುವುದು ಒಳ್ಳೆಯದು. ಬಸಿರಿನಲ್ಲಿ ಹೊಟ್ಟೆ ಮತ್ತೆ ಹಿಗ್ಗುತ್ತದೆ.

ಗಾಯ ಕೂಡಬೇಕಾದರೆ ಮೈಯಲ್ಲಿ ಕಸುವು ಬೇಕು. ಕಡಿಮೆ ತಿಂದು ತೂಕ ಇಳಿಸಿದವರಿಗೆ ಪ್ರೋಟೀನ್, ಕಬ್ಬಿಣ, ಬಿ12 ಕಡಿಮೆ ಇರುವುದು ಸಾಮಾನ್ಯ. ಗಂಜಿ-ಚಟ್ನಿಯಿಂದ ಅದು ತುಂಬುವುದಿಲ್ಲ. ಮೊಟ್ಟೆ, ಮೀನು, ಹೆಸರುಕಾಳು, ಹುರುಳಿ, ಮೊಸರು ಬೇಕು. ರಕ್ತ ಪರೀಕ್ಷೆ ಮಾಡಿಸಿ ತಿಳಿದುಕೊಳ್ಳಿ. ಸಕ್ಕರೆ ಹತೋಟಿಯಲ್ಲಿರಬೇಕು.

ಬೀಡಿ, ಸಿಗರೇಟು ಕನಿಷ್ಠ ನಾಲ್ಕು ವಾರ ಮೊದಲು ನಿಲ್ಲಿಸಬೇಕು. ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸುವವರೂ ಕೇಳಿಸಿಕೊಳ್ಳಿ. ಹೊಗೆ ಇಲ್ಲದಿದ್ದರೂ ನಿಕೋಟಿನ್ ಅದೇ. ಅದು ರಕ್ತನಾಳ ಕುಗ್ಗಿಸುತ್ತದೆ, ಹೊಲಿಗೆ ಹಾಕಿದ ಚರ್ಮಕ್ಕೆ ರಕ್ತ ಹೋಗದೆ ಅಂಚು ಕಪ್ಪಾಗಿ ಸಾಯಬಹುದು. ಡಾಕ್ಟರಿಗೆ ಇದನ್ನು ಮುಚ್ಚಿಡಬೇಡಿ.

ಏನು ಸಿಗುತ್ತದೆ ಎಂದೂ ಗೊತ್ತಿರಲಿ. ಜೋತ ಚರ್ಮ ಹೋಗುತ್ತದೆ, ಅದರ ಬದಲು ಸೊಂಟದ ಈ ಕಡೆಯಿಂದ ಆ ಕಡೆಗೆ ಉದ್ದದ ಕಲೆ ಬರುತ್ತದೆ. ಅದು ಮಾಸುತ್ತದೆ, ಪೂರ್ತಿ ಹೋಗುವುದಿಲ್ಲ. ಒಳಗೆ ನೀರು ತುಂಬುವುದು, ಹೊಲಿಗೆ ಬಿಚ್ಚುವುದು, ಸೋಂಕು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಇವು ಆಗಬಹುದಾದ ತೊಂದರೆಗಳು. ಎಲ್ಲವನ್ನೂ ಒಂದೇ ದಿನ ಮಾಡಿಸುವುದಕ್ಕಿಂತ ಹೆಚ್ಚು ತೊಂದರೆ ಕೊಡುವ ಜಾಗವನ್ನು ಮೊದಲು ಮಾಡಿಸುವುದು ಮೈಗೂ ಕಿಸೆಗೂ ಹಗುರ.

ಕ್ರೀಮ್, ಬೆಲ್ಟ್, ಎಣ್ಣೆ ಮಾಲೀಶು, ಮೆಷಿನ್ ಹೆಸರಿನಲ್ಲಿ ಫೋನಿನಲ್ಲಿ ಬರುವ ಜಾಹೀರಾತು ನಂಬಬೇಡಿ. ಇಷ್ಟು ಜೋತ ಚರ್ಮ ಇವುಗಳಿಂದ ಮೇಲೆ ಹೋಗುವುದಿಲ್ಲ.

ಹಣದ ಲೆಕ್ಕ

ಆಸ್ಪತ್ರೆ ಒಂದು ಮೊತ್ತ ಹೇಳುತ್ತದೆ. ಅದು ಪೂರ್ತಿ ಖರ್ಚಲ್ಲ. ಬಿಡಿಬಿಡಿಯಾಗಿ ಬರೆದುಕೊಡಲು ಹೇಳಿ: ಸರ್ಜನ್, ಅರಿವಳಿಕೆ ಡಾಕ್ಟರು, ಥಿಯೇಟರ್, ರೂಮ್, ಔಷಧಿ, ಆಮೇಲೆ ವಾರಗಟ್ಟಲೆ ಹಾಕಬೇಕಾದ ಬಿಗಿ ಬಟ್ಟೆ, ತೆರಿಗೆ. "ಹೊಲಿಗೆ ಬಿಚ್ಚಿದರೆ, ಸೋಂಕು ಆಗಿ ಮತ್ತೆ ಅಡ್ಮಿಟ್ ಆದರೆ ಯಾರ ಖರ್ಚು?" ಎಂದು ತಪ್ಪದೆ ಕೇಳಿ. ಉತ್ತರವನ್ನು ಕಾಗದದಲ್ಲಿ ಪಡೆಯಿರಿ.

ಮನೆಯ ಕಡೆಯ ಲೆಕ್ಕ ಬೇರೆ. ಸುಮಾರು ಆರು ವಾರ ಭಾರ ಎತ್ತುವ ಹಾಗಿಲ್ಲ. ಹುಲ್ಲಿನ ಕಟ್ಟ, ನೀರಿನ ಕೊಡ, ಅಡಿಕೆ ಗೋಣಿ ಯಾವುದೂ ಆಗದು. 2025–26ರ ಉದ್ಯೋಗ ಖಾತ್ರಿ ದಿನಗೂಲಿ 370 ರೂಪಾಯಿ ಹಿಡಿದರೂ 36 ದಿನಕ್ಕೆ 13,320 ರೂಪಾಯಿ ಕೂಲಿ ಹೋಯಿತು. ಹಾಲು ಕರೆಯಲು, ಅಡುಗೆಗೆ ಜನ ಬೇಕು. ಅಡಿಕೆ ಕೊಯ್ಲಿನ ಸಮಯ ಇಟ್ಟುಕೊಂಡರೆ ತೋಟದ ಕೆಲಸ ಹಾಳು, ಮಳೆಗಾಲದಲ್ಲಿ ಇಟ್ಟುಕೊಂಡರೆ ಗಾಯ ಒಣಗಿಸುವುದು ಕಷ್ಟ. ಮನೆಯವರೆಲ್ಲ ಕೂತು ತಿಂಗಳು ನಿಶ್ಚಯಿಸಿ.

ಹೋಗಿಬರುವ ಖರ್ಚೂ ಇದೆ. ಪುತ್ತೂರಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರಿಗೂ ಹೆಚ್ಚು, ಸುಳ್ಯ-ಕಡಬದಿಂದ ಇನ್ನೂ ದೂರ. ತೋರಿಸಲು ಹೋಗುವಾಗ ಹೆಂಗಸರಿಗೆ ಸರಕಾರಿ ಬಸ್ಸು 2023ರ ಜೂನ್‌ನಿಂದ ಉಚಿತ. ಆದರೆ ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಬಸ್ಸಿನಲ್ಲಿ ಬರಲಾಗದು. ಒಂದೆರಡು ಸಲವಾದರೂ ಕಾರು ಬೇಕು.

ಈಗ ಸಾಲದ ಮಾತು. ಉದಾಹರಣೆಗೆ 2 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಶೇ. 14 ಬಡ್ಡಿಯಲ್ಲಿ ಮೂರು ವರ್ಷದ ಸಾಲ ತೆಗೆದರೆ ತಿಂಗಳ ಕಂತು ಸುಮಾರು 6,835 ರೂಪಾಯಿ. ಕೊನೆಗೆ ಕಟ್ಟುವುದು 2,46,000 ರೂಪಾಯಿ ಆಸುಪಾಸು. ಬಡ್ಡಿಯೇ 46,000. ಅಡಿಕೆ ಕಿಲೋಗೆ 400 ರೂಪಾಯಿ ಹಿಡಿದರೆ ಅಸಲಿಗೆ 5 ಕ್ವಿಂಟಾಲ್, ಬಡ್ಡಿಗೆ ಇನ್ನೂ ಒಂದು ಕ್ವಿಂಟಾಲಿಗೂ ಮೇಲೆ. ಸುಳ್ಯದ ಕಡೆ ಹಳದಿ ಎಲೆ ರೋಗ, ಎಲೆಚುಕ್ಕಿ ರೋಗದಿಂದ ಬೆಳೆಯೇ ಅರೆಬರೆ ಆದವರಿಗೆ ಇದು ಚಿಕ್ಕ ಮಾತಲ್ಲ.

ಕಾಯುವ ಸಮಯವನ್ನು ಉಳಿತಾಯದ ಸಮಯ ಮಾಡಿಕೊಳ್ಳಿ ಎಂಬುದು ನಮ್ಮ ಸಲಹೆ. ಹೇಗೂ ಒಂದೂವರೆ ವರ್ಷ ಕಾಯಬೇಕು. ಸೊಸೈಟಿಯಲ್ಲಿ ತಿಂಗಳಿಗೆ 5,000 ಆರ್‌ಡಿ ಕಟ್ಟಿದರೆ 18 ತಿಂಗಳಿಗೆ 90,000 ಅಸಲೇ ಕೈಯಲ್ಲಿರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬುದು ಸರಿ. ಹಾಸಿಗೆಯನ್ನು ಸ್ವಲ್ಪ ಉದ್ದ ಮಾಡಲು ಇಲ್ಲಿ ಸಮಯವೂ ಇದೆ. ಕರಿಮಣಿ ಅಡವಿಟ್ಟು, ಸಂಘದ ಸಾಲ ಎತ್ತಿ, ಕ್ಲಿನಿಕ್‌ನವರೇ ಮಾಡಿಸಿಕೊಡುವ ಕಂತಿನ ಸಾಲಕ್ಕೆ ಸಹಿ ಹಾಕಿ ನೋಟದ ಸರ್ಜರಿ ಮಾಡಿಸುವುದನ್ನು ನಾವು ಖಂಡಿತ ಬೇಡ ಎನ್ನುತ್ತೇವೆ.

ವಿಮೆಗೆ ಪ್ರಯತ್ನಿಸುವವರು ಒಂದು ಫೈಲ್ ಮಾಡಿ. ಓಪಿ ಚೀಟಿ, ಮದ್ದಿನ ಬಿಲ್ಲು, ತಾರೀಕು ಇರುವ ಫೋಟೊ, ತೂಕದ ಪುಸ್ತಕ, ಯಾಕೆ ಅಗತ್ಯ ಎಂದು ಡಾಕ್ಟರು ಬರೆದ ಪತ್ರ. ಆಪರೇಷನ್ನಿಗೆ ಮೊದಲೇ ಕಂಪೆನಿಯಿಂದ ಲಿಖಿತ ಉತ್ತರ ಪಡೆಯಿರಿ. ಬೇಡ ಎಂದರೆ ಕಂಪೆನಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿ ಕಾಣದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಒಂದು ವರ್ಷದೊಳಗೆ ದೂರು ಹಾಕಬಹುದು. ಶುಲ್ಕ ಇಲ್ಲ, ವಕೀಲರು ಬೇಡ. ಹರ್ನಿಯಾ ಕೂಡ ಇದ್ದರೆ ಅದರ ಬಿಲ್ಲನ್ನು ಬೇರೆ ಮಾಡಿಸಿ, ಅದು ನೇರವಾಗಿ ಚಿಕಿತ್ಸೆ. ಆದರೆ ಇಲ್ಲದ ಹರ್ನಿಯಾ ಬರೆಸಬೇಡಿ. ಒಬ್ಬರ ಸುಳ್ಳಿನಿಂದ ಹತ್ತು ಜನರ ನಿಜವಾದ ಕ್ಲೇಮ್ ನಿಲ್ಲುತ್ತದೆ.

ಅಗ್ಗದ ಬಾಗಿಲು

2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಸರ್ಜರಿಯ ನಂತರ ತೀರಿಕೊಂಡರು. ವಯಸ್ಸು 21. ಮನೆಯವರಿಗೆ ತಿಳಿಸದೆ ಹೋಗಿದ್ದರು ಎಂದು ಆಗ ಪತ್ರಿಕೆಗಳಲ್ಲಿ ಬಂತು. ಅವರನ್ನು ದೂರುವವರೇ ಹೆಚ್ಚು ಇದ್ದರು. ಮನೆಯಲ್ಲಿ ಹೇಳಿದರೆ ಬೈಯುತ್ತಾರೆ, ಊರಿನಲ್ಲಿ ನಗುತ್ತಾರೆ ಎಂಬ ಭಯ ಇದ್ದಲ್ಲೆಲ್ಲ ಮಕ್ಕಳು ಒಬ್ಬೊಬ್ಬರೇ ಹೋಗುತ್ತಾರೆ ಎಂಬುದನ್ನು ಯೋಚಿಸಿದವರು ಕಡಿಮೆ.

ಸರ್ಜನ್‌ಗೆ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ ಪದವಿ ಇದೆಯಾ ನೋಡಿ. "ಕಾಸ್ಮೆಟಿಕ್ ತಜ್ಞ" ಎಂಬ ಬೋರ್ಡು ಪದವಿ ಅಲ್ಲ. ಐಸಿಯು ಇದೆಯಾ, ರಾತ್ರಿ ಡಾಕ್ಟರು ಇರುತ್ತಾರಾ, ಅರಿವಳಿಕೆ ತಜ್ಞರು ಯಾರು ಎಂದು ಕೇಳಿ. ಮಂಗಳೂರು, ದೇರಳಕಟ್ಟೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗಗಳಿವೆ. ಮೊದಲು ಅಂಥಲ್ಲಿ ತೋರಿಸಿ, ಇನ್ನೊಂದು ಕಡೆಯೂ ಕೇಳಿ, ಆಮೇಲೆ ನಿರ್ಧರಿಸಿ.

ಕರ್ನಾಟಕದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ಪ್ರತಿ ಕ್ಲಿನಿಕ್ಕೂ ನೋಂದಣಿ ಸಂಖ್ಯೆಯನ್ನು, ದರವನ್ನು ಕಾಣುವ ಹಾಗೆ ಹಾಕಬೇಕು. ಹಾಕದಿದ್ದರೆ, ಮೋಸವಾದರೆ, ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ದೂರು ಕೊಡಬಹುದು. ಗೋಡೆಯಲ್ಲಿ ಆ ಹಾಳೆ ಕಾಣದಿದ್ದರೆ ಚಪ್ಪಲಿ ಹಾಕಿಕೊಂಡು ವಾಪಸ್ ಬನ್ನಿ.

"ಡಯಾಲಿಸಿಸ್‌ಗೇ ಹಣ ಇಲ್ಲ, ಇದಕ್ಕಾ?"

ಈ ಪ್ರಶ್ನೆ ಬಂದೇ ಬರುತ್ತದೆ. ನ್ಯಾಯವಾದ ಪ್ರಶ್ನೆ. ಡಯಾಲಿಸಿಸ್ ನಿಲ್ಲಿಸಿ ಇದಕ್ಕೆ ಕೊಡಿ ಎಂದು ನಾವು ಹೇಳುವುದಿಲ್ಲ. ಆದರೆ ಡಯಾಲಿಸಿಸ್‌ಗೆ ಜನ ಬರುವುದು ಹೇಗೆ? ವರ್ಷಗಟ್ಟಲೆ ಹತೋಟಿ ತಪ್ಪಿದ ಸಕ್ಕರೆ, ಬಿಪಿ ಅದರ ದೊಡ್ಡ ಕಾರಣಗಳು. ತೂಕ ಇಳಿಸಿ ಸಕ್ಕರೆಯನ್ನು ಹತೋಟಿಗೆ ತಂದವರು ಆ ಸಾಲಿನಿಂದ ತಾವಾಗಿ ಹೊರಗೆ ಬಂದವರು. ಅವರು ನಡೆಯುವ ಹಾಗೆ, ದುಡಿಯುವ ಹಾಗೆ, ತೂಕ ಮತ್ತೆ ಏರದ ಹಾಗೆ ನೋಡಿಕೊಳ್ಳುವುದು ಸರಕಾರಕ್ಕೂ ಲಾಭ. ಎಲ್ಲರಿಗೂ ಈ ಆಪರೇಷನ್ ಬೇಕಾಗುವುದಿಲ್ಲ. ಹಲವರಿಗೆ ಒಣ ಬಟ್ಟೆ, ಸರಿಯಾದ ಮದ್ದು, ಹೊಂದುವ ಒಳಉಡುಪು ಸಾಕು. ಸಾಕಾಗದವರು ಸ್ವಲ್ಪ ಜನ. ನಾವು ಕೇಳುವುದು ಅವರಿಗೆ.

ಮನೆಯವರಿಗೂ ಒಂದು ಮಾತು. ಹೆಂಡತಿಯೋ, ಅಕ್ಕನೋ, ಅಪ್ಪನೋ ತೂಕ ಇಳಿಸಿದ ಮೇಲೂ ಬಚ್ಚಲಲ್ಲಿ ಹೆಚ್ಚು ಹೊತ್ತು ಇರುತ್ತಾರೆ, ನಡೆಯಲು ಹಿಂಜರಿಯುತ್ತಾರೆ, ಪೌಡರ್ ಡಬ್ಬಿ ಬೇಗ ಖಾಲಿಯಾಗುತ್ತದೆ ಎಂದಾದರೆ ತಮಾಷೆ ಮಾಡಬೇಡಿ. "ಉರಿ ಉಂಟಾ? ನಾಳೆ ಡಾಕ್ಟರಿಗೆ ತೋರಿಸುವ" ಎನ್ನಿ. ಮಳೆಗಾಲ ಹಿಡಿಯುವ ಮೊದಲೇ ಹೋಗಿ. ಬರುವಾಗ ಓಪಿ ಚೀಟಿಯನ್ನು ಮಡಚಿ ಫೈಲಿನಲ್ಲಿ ಇಡಿ, ಬಿಸಾಡಬೇಡಿ.